ಮೂರು ಕಾಲಿನ ಗುರಿಪೀಠ

ಬಂದೂಕಿನಿಂದ ಗುರಿ ಹೊಡೆಯುವುದನ್ನು ಅಭ್ಯಾಸ ಮಾಡುವವರು ಒಂದು ಹಗುರವಾದ ಪೀಠವನ್ನು ಬಯಲಿಗೆ ಹೊತ್ತೊಯ್ಯುವುದುಂಟು. ಅದರ ಮೇಲೆ ಮರಳಿನ ಚೀಲವಿಟ್ಟು, ಚೀಲದ ಮೇಲೆ ಬಂದೂಕನ್ನು ಊರುತ್ತಾರೆ. ಇದೇಕೆ? ಲೆಕ್ಕ ಹಾಕಿ ನೋಡೋಣ. 1 ಮೀಟರ್ ಉದ್ದದ ಬಂದೂಕಿನ ತುದಿ 1 ಮಿಲಿಮೀಟರ್ ಅಲುಗಿದರೂ 100 ಮೀಟರ್ ಆಚೆ ಗುಂಡು 100 ಮಿಲಿಮೀಟರ್, ಎಂದರೆ ಸುಮಾರು ಅರ್ಧ ಗೇಣು ತಪ್ಪುತ್ತದೆ.

‘ನಮಗೇಕೆ ಬಂದೂಕಿನ ಮಾತು?’ ಎಂದು ಪೋಷಕರು ಕೇಳಬಹುದು. ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇಂದು ಬೇಟೆ ಅಪರಾಧ. ನಮ್ಮ ತಾಳವಾಡಿ ಬೆಟ್ಟಗಳ ಕಾಡು 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ನಮಗೆ ಬೇಕಾದುದು ಬಂದೂಕಲ್ಲ, ಆ ಪೀಠ. ಸಂಜೆ ರಾಗಿ ಹೊಲದ ಕಾವಲಿಗೆ ಹೊರಡುವ ಮುನ್ನ ಕಾಡಂಚಿನಲ್ಲಿ ಕಾಣುವ ಕಪ್ಪು ಆಕಾರ ಬಂಡೆಯೋ ಆನೆಯೋ ತಿಳಿಯಬೇಕಲ್ಲವೆ? ದುರ್ಬೀನು ದೃಶ್ಯವನ್ನು ಹತ್ತು ಪಟ್ಟು ಹಿಗ್ಗಿಸಿದರೆ ಕೈಯ ನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ. ಮೊಣಕೈ ಊರಲು ಗಟ್ಟಿಯಾದ ಆಸರೆ ಬೇಕು.

ನಾವು ಮೊದಲು ನಾಲ್ಕು ಕಾಲಿನ ಪೀಠವನ್ನೇ ಮಾಡಿದೆವು. ಏರುತಗ್ಗಿನ ಅಂಗಳದಲ್ಲಿ ಅದು ಓಲಾಡಿತು. ಒಂದು ಕಾಲಿನಡಿ ಕಲ್ಲಿಟ್ಟರೆ ಇನ್ನೊಂದು ಕಾಲು ಮೇಲೆದ್ದಿತು! ಆಗ ನೆನಪಾದುದು ರೇಖಾಗಣಿತ: ಒಂದೇ ಸರಳರೇಖೆಯಲ್ಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹಾದುಹೋಗುತ್ತದೆ. ಆದಕಾರಣ ಮೂರು ಕಾಲುಗಳು ಎಂಥ ನೆಲದಲ್ಲೂ ಒಟ್ಟಿಗೆ ಊರಿಕೊಳ್ಳುತ್ತವೆ. ಹಲಗೆ ಸ್ವಲ್ಪ ವಾಲಬಹುದು, ಆದರೆ ಓಲಾಡದು.

ಮಾಡುವ ಕ್ರಮ ಹೀಗೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆಯೊಂದನ್ನು ಆರಿಸಿ. ಅದರ ಅಡಿಯಲ್ಲಿ 2 ಅಂಗುಲ ದಪ್ಪದ ಮೂರು ಮರದ ತುಂಡುಗಳನ್ನು ಅಂಟು ಹಚ್ಚಿ, ತಿರುಪು ಮೊಳೆಗಳಿಂದ ಬಿಗಿಯಿರಿ. ನಾವು ಕೂರುವ ಕಡೆ ಎರಡು, ಎದುರು ಕಡೆ ಒಂದು ಇರಲಿ. ಪ್ರತಿ ತುಂಡಿನಲ್ಲಿ ಬೈರಿಗೆಯಿಂದ, ಕಾಲುಗಳು ಹೊರಕ್ಕೆ ಚಾಚಿಕೊಳ್ಳುವಂತೆ ತುಸು ಓರೆಯಾಗಿ ತೂತು ಕೊರೆಯಿರಿ. 30 ಅಂಗುಲ ಉದ್ದದ ಮೂರು ಗಟ್ಟಿ ಕೋಲುಗಳ ತುದಿಯನ್ನು ಕೆತ್ತಿ ತೂತಿಗೆ ಬಿಗಿಯಾಗಿ ಕೂರಿಸಿರಿ. ಇವಕ್ಕೆ ಅಂಟು ಬೇಡ. ಕೆಲಸ ಮುಗಿದ ಮೇಲೆ ಕೋಲುಗಳನ್ನು ಕಿತ್ತು, ಹಲಗೆಯೊಡನೆ ಹಗ್ಗದಿಂದ ಕಟ್ಟಿ ಹೆಗಲಿಗೇರಿಸಬಹುದು. ಕೋಲಿಗಾಗಿ ಕಾಡಿನ ಮರ ಕಡಿಯಬಾರದು; ಹಳೆಯ ಮನೆಯ ಮರವೇ ಸಾಕು.

ಕೊರೆಯುವ ಕೆಲಸಕ್ಕೆ ಹಿರಿಯರು ಜೊತೆಗಿರಲಿ. ಇದಕ್ಕೊಂದು ದೋಷವೂ ಉಂಟು: ಮೂರು ಕಾಲುಗಳ ತ್ರಿಕೋನದಿಂದ ಹೊರಗೆ, ಮುಂದಿನ ಮೂಲೆಯ ಮೇಲೆ ಭಾರ ಹಾಕಿದರೆ ಪೀಠ ಮಗುಚುತ್ತದೆ. ಆದುದರಿಂದ ಅದರ ಮೇಲೆ ಯಾರೂ ಕೂರಬಾರದು.

ವಿದ್ಯಾರ್ಥಿಗಳೇ, ಪೀಠವನ್ನು ಮನೆಯ ಜಗಲಿಯಲ್ಲೇ ಇಡಿ, ಹೊಲದಂಚಿಗೆ ಒಯ್ಯಬೇಡಿ. ಕಂಡದ್ದು ಆನೆಯಾದರೆ ಅಪ್ಪನನ್ನು ಅಂದು ಮನೆಯಲ್ಲೇ ನಿಲ್ಲಿಸಿರಿ. ರಾಗಿ ಮುಂದಿನ ವರ್ಷ ಮತ್ತೆ ಬೆಳೆದೀತು.