ಒರೆಸುವುದಕ್ಕೂ ಒಂದು ವರಸೆ ಇದೆ

ಮೈಸೂರಿನ ಗೋಕುಲಂ ಬಡಾವಣೆಗೆ ಹತ್ತಿರದಲ್ಲೇ, ಕೆಆರ್‌ಎಸ್ ರಸ್ತೆಯಲ್ಲಿ, ಊರವರು ‘ಪಿಕೆಟಿಬಿ’ ಎಂದು ಕರೆಯುವ ಆಸ್ಪತ್ರೆಯಿದೆ. ಕ್ಷಯಕ್ಕೆ ಬಲಿಯಾದ ಸೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಸುಮಾರು ನೂರು ವರ್ಷಗಳ ಹಿಂದೆ ಸ್ಥಾಪಿಸಿದ ಆರೋಗ್ಯಧಾಮ ಅದು. ಆಗ ಕ್ಷಯಕ್ಕೆ ಮದ್ದಿರಲಿಲ್ಲ; ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಊರಾಚೆಯ ವಿಶಾಲ ಜಾಗ, ಗಾಳಿ, ಬಿಸಿಲು, ಪುಷ್ಟಿಯಾದ ಊಟ – ಆ ಕಾಲದ ಆರೋಗ್ಯಧಾಮಗಳ ಬಂಡವಾಳವೇ ಇಷ್ಟು. ರೋಗಿಯನ್ನು ಗುಣಪಡಿಸಲು ಇದು ಸಾಲುತ್ತಿರಲಿಲ್ಲ. ಆದರೆ ಪಕ್ಕದ ಹಾಸಿಗೆಯವರಿಗೆ ರೋಗ ದಾಟದಂತೆ ತಡೆಯುವುದರಲ್ಲಿ ಗಾಳಿ, ಬಿಸಿಲಿಗೆ ನಿಜವಾದ ಪಾತ್ರವಿತ್ತು. ಕ್ಷಯದ ಬ್ಯಾಕ್ಟೀರಿಯಾ ಕೆಮ್ಮಿನ ಹನಿಗಳ ಜೊತೆ ಗಾಳಿಯಲ್ಲಿ ತೇಲುತ್ತದೆ, ನೇರ ಬಿಸಿಲು ತಾಗಿದರೆ ಸಾಯುತ್ತದೆ. ಕಿಟಕಿ ಮುಚ್ಚಿಕೊಂಡು ದಿನವಿಡೀ ನೆಲ ತಿಕ್ಕಿದರೂ ಅದಕ್ಕೇನೂ ಆಗದು.

ಮನೆಯಲ್ಲಾಗಲಿ, ಕೆಲಸದ ಜಾಗದಲ್ಲಾಗಲಿ, ರೋಗಾಣು ಇರಬಹುದಾದ ಕೊಳೆಯನ್ನು ತೆಗೆಯುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಇದು ಮೈಯೊಳಗೆ ಹೋಗುವ ದಾರಿ ಯಾವುದು? ಉಸಿರೇ, ಬಾಯಿಯೇ, ಚರ್ಮದ ಮೇಲಿನ ಗಾಯವೇ? ದಾರಿ ಗೊತ್ತಾದರೆ ಎಲ್ಲಿ ಅಡ್ಡ ನಿಲ್ಲಬೇಕು ಎಂಬುದೂ ಗೊತ್ತಾಗುತ್ತದೆ.

ಆಸ್ಪತ್ರೆಗಳಿಗೆ ಈ ಲೆಕ್ಕಾಚಾರವನ್ನು ಕಾನೂನೇ ಮಾಡಿಕೊಟ್ಟಿದೆ. 1998ರಲ್ಲಿ ಮೊದಲು ಬಂದು 2016ರಲ್ಲಿ ಹೊಸದಾದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರೆ ಬೇರೆ ಡಬ್ಬಗಳಿರುತ್ತವೆ. ಮನೆಯಲ್ಲಿ ಅಂಥ ಏರ್ಪಾಡಿಲ್ಲ. ಆದರೆ ಆಸ್ಪತ್ರೆಯ ಎಷ್ಟೋ ಕೆಲಸಗಳು ಈಗ ಮನೆಗೇ ಬಂದಿವೆ. ಅಜ್ಜ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಹಾಸಿಗೆ ಹಿಡಿದ ಅಜ್ಜಿಗೆ ಡೈಪರ್ ಕಟ್ಟಬೇಕು, ಹುಣ್ಣಿಗೆ ದಿನಾ ಡ್ರೆಸಿಂಗ್ ಆಗಬೇಕು.

ರಕ್ತದ ವಿಷಯವನ್ನೇ ನೋಡೋಣ. ಹೆಪಟೈಟಿಸ್-ಬಿ ವೈರಸ್ಸು ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಜೀವ ಹಿಡಿದುಕೊಂಡಿರುತ್ತದೆ. ಬಿದ್ದು ತಲೆಗೆ ಪೆಟ್ಟಾದವರ ರಕ್ತ ನೆಲದ ಮೇಲೆ ಚೆಲ್ಲಿದಾಗ ನಮ್ಮ ಕೈ ತಾನಾಗಿ ಫಿನಾಯಿಲ್ ಬಾಟಲಿಗೆ ಹೋಗುತ್ತದೆ. ಬಿಳಿ ಫಿನಾಯಿಲ್‌ನಲ್ಲಿರುವುದು ಹೆಚ್ಚಾಗಿ ಪೈನ್ ಎಣ್ಣೆ. ವಾಸನೆ ಮನಸ್ಸಿಗೆ ಸಮಾಧಾನ ಕೊಟ್ಟೀತು, ಈ ವೈರಸ್ಸನ್ನು ಕೊಲ್ಲಲು ಅದನ್ನು ನಂಬುವಂತಿಲ್ಲ. ಇಲ್ಲಿ ಬೇಕಾದದ್ದು ಕ್ಲೋರಿನ್, ಅಂದರೆ ಬ್ಲೀಚಿಂಗ್ ಪೌಡರ್ ಅಥವಾ ಸೋಡಿಯಂ ಹೈಪೊಕ್ಲೋರೈಟ್.

ನೀರಿಗೆ ಬಿದ್ದ ಬ್ಲೀಚ್‌ನಿಂದ ಹೈಪೊಕ್ಲೋರಸ್ ಆಮ್ಲ ಹುಟ್ಟುತ್ತದೆ. ಅದು ಸೂಕ್ಷ್ಮಜೀವಿಗಳ ಪ್ರೋಟೀನುಗಳ ಮಡಿಕೆ ಬಿಚ್ಚಿ, ಮೊಟ್ಟೆ ಬೆಂದಾಗ ಆಗುವಂತೆ ಅವು ಗಂಟುಕಟ್ಟುವಂತೆ ಮಾಡುತ್ತದೆ ಎಂಬುದನ್ನು ಮಿಶಿಗನ್ ವಿಶ್ವವಿದ್ಯಾಲಯದ ಉರ್ಸುಲಾ ಯಾಕೋಬ್ ಅವರ ತಂಡ 2008ರಲ್ಲಿ ತೋರಿಸಿತು. ನಮ್ಮ ರಕ್ತದ ಬಿಳಿಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಇದೇ ಆಮ್ಲವನ್ನು ತಾವೇ ತಯಾರಿಸಿಕೊಳ್ಳುತ್ತವೆ.

ಈ ಆಮ್ಲಕ್ಕೆ ರಕ್ತದ ಪ್ರೋಟೀನು ಯಾವುದು, ವೈರಸ್ಸಿನದು ಯಾವುದು ಎಂಬ ಭೇದವಿಲ್ಲ. ರಾಶಿ ರಕ್ತದ ಮೇಲೆ ನೇರವಾಗಿ ಸುರಿದರೆ ವೈರಸ್ಸನ್ನು ಮುಟ್ಟುವ ಮೊದಲೇ ಅದರ ಶಕ್ತಿ ಖರ್ಚಾಗಿಬಿಡುತ್ತದೆ. ಆದ್ದರಿಂದಲೇ ವರಸೆ ಮುಖ್ಯ. ಕೈಗವಸು ತೊಡಿ. ಗಾಜಿನ ಚೂರಿದ್ದರೆ ಚಿಮಟದಿಂದಲೋ ದಪ್ಪ ರಟ್ಟಿನಿಂದಲೋ ಎತ್ತಿ, ಬೆರಳಿಂದ ಬೇಡ. ಹಳೇ ಬಟ್ಟೆ ಅಥವಾ ಪೇಪರು ಹಾಕಿ ರಕ್ತವನ್ನೆಲ್ಲ ಹೀರಿಸಿ ತೆಗೆಯಿರಿ. ಆ ಮೇಲೆ ಶೇ 1ರ ಬ್ಲೀಚ್ ದ್ರಾವಣ ಸುರಿದು 20ರಿಂದ 30 ನಿಮಿಷ ಬಿಡಿ. ನಂತರ ಒರೆಸಿ, ನೀರಲ್ಲಿ ತೊಳೆಯಿರಿ. ಸುರಿದ ಕೂಡಲೇ ಒರೆಸಿದರೆ ಕಲೆ ಹೋಗುತ್ತದೆ, ಕೆಲಸ ಆಗಿರುವುದಿಲ್ಲ.

ಶೇ 5ರ ಹೈಪೊಕ್ಲೋರೈಟ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದರೆ ಶೇ 1 ಆಗುತ್ತದೆ. ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ ಸುಮಾರು 33 ಗ್ರಾಂ. ಪುಡಿ ಹೊಸದಾಗಿರಬೇಕು, ದ್ರಾವಣವನ್ನು ಅಂದಂದೇ ಕಲಸಬೇಕು. ಬಿಸಿಲು, ಶೆಕೆಗೆ ಕ್ಲೋರಿನ್ ಹಾರಿಹೋಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಇದರ ಜೊತೆ ಎಂದೂ ಸೇರಿಸಬೇಡಿ. ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷವೇ. ಮುಚ್ಚಿದ ಬಚ್ಚಲಲ್ಲಿ ಒಂದಿಷ್ಟು ಹೊರಟರೂ ಶ್ವಾಸಕೋಶಕ್ಕೆ ಅಪಾಯ.

ದಾರಿ ಬದಲಾದರೆ ಉಪಾಯವೂ ಬದಲಾಗುತ್ತದೆ. ವಾಂತಿಭೇದಿ ತರುವ ನೊರೊವೈರಸ್ ಬಾಯಿಯ ದಾರಿಯದು. ಸ್ಯಾನಿಟೈಸರಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ನೆಲಕ್ಕೆ ಬ್ಲೀಚು, ಕೈಗೆ ಸೋಪು-ನೀರು ಬೇಕು. ಇಲಿ ಜ್ವರ ಬರುವುದು ಇಲಿಯ ಮೂತ್ರ ಬೆರೆತ ಒದ್ದೆಯಿಂದ, ಗೀರಿದ ಚರ್ಮದ ಮೂಲಕ. ಗೋದಾಮು ಶುಚಿ ಮಾಡುವವರಿಗೆ ಬೂಟು, ಕೈಗವಸೇ ರಕ್ಷಣೆ. ಯೋಗಗುರು ಪಟ್ಟಾಭಿ ಜೋಯಿಸರು 2002ರಲ್ಲಿ ಗೋಕುಲಂಗೆ ತಮ್ಮ ಯೋಗಶಾಲೆ ತಂದ ಮೇಲೆ ಇಲ್ಲಿಯ ಬೀದಿಬೀದಿಯಲ್ಲೂ ಯೋಗದ ಮ್ಯಾಟುಗಳು ಕಾಣುತ್ತವೆ. ಆ ಮ್ಯಾಟುಗಳ ಮೇಲಿನ ಬೆವರಿನಿಂದ ಹೆಪಟೈಟಿಸ್-ಬಿ, ಎಚ್‌ಐವಿ ಹರಡುತ್ತವೆಂದು ಹೆದರಬೇಕಿಲ್ಲ. ಹಂಚಿಕೊಂಡ ಮ್ಯಾಟಿನಿಂದ ಹುಳುಕಡ್ಡಿ ಅಂಟೀತು, ಅದಕ್ಕೆ ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸುವುದೇ ಮದ್ದು.

ನಮ್ಮ ಮನೆಯಿಂದ ಹೊರಟ ಕೊಳೆಗೂ ಇನ್ನೊಬ್ಬರ ಮೈಗೆ ಹೋಗುವ ದಾರಿಯಿದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ನಡುವೆ ಮೈಸೂರು ಮೊದಲ ಸ್ಥಾನ ಪಡೆಯಿತು. ಆ ಹೆಸರಿನ ಹಿಂದೆ ಪೌರಕಾರ್ಮಿಕರ ಕೈಯಿದೆ, ಗೋಕುಲಂ ಪಕ್ಕದ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಂಥ ಕಡೆ ಕಸವನ್ನು ಕೈಯಲ್ಲೇ ಬಿಡಿಸುವವರ ಶ್ರಮವಿದೆ. ಕಸದೊಳಗೆ ಎಸೆದ ಸೂಜಿ ಚುಚ್ಚುವುದು ಆ ಕೈಗಳಿಗೇ. ಸೋಂಕಿನ ರಕ್ತವಿದ್ದ ಸೂಜಿ ಚುಚ್ಚಿದರೆ ಎಚ್‌ಐವಿ ಅಂಟುವ ಸಾಧ್ಯತೆ ಸುಮಾರು ಶೇ 0.3, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್-ಬಿ ಅಂಟುವ ಸಾಧ್ಯತೆ ಶೇ 30ರವರೆಗೂ ಹೋಗುತ್ತದೆ. ಚುಚ್ಚಿದರೆ ಹಿಂಡಬಾರದು, ಸೋಪು-ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಎಷ್ಟು ಬೇಗನೋ ಅಷ್ಟು ಒಳ್ಳೆಯದು.

ಘನತ್ಯಾಜ್ಯ ನಿಯಮಗಳು 2016ರಲ್ಲೇ ಮನೆಯ ಸೂಜಿ, ಸಿರಿಂಜುಗಳನ್ನು ಅಪಾಯಕಾರಿ ತ್ಯಾಜ್ಯ ಎಂದು ಹೆಸರಿಸಿದವು, ಡೈಪರು, ಪ್ಯಾಡುಗಳನ್ನು ಸುತ್ತಿಯೇ ಕೊಡಬೇಕೆಂದವು. ಸೂಜಿಗೆ ಮತ್ತೆ ಮುಚ್ಚಳ ಹಾಕಹೋಗದೆ ನೇರವಾಗಿ ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ, ನೀವು ತೋರಿಸಿಕೊಳ್ಳುವ ಕ್ಲಿನಿಕ್ಕಿನವರು ತೆಗೆದುಕೊಳ್ಳುತ್ತಾರೆಯೇ ಕೇಳಿ. ಡೈಪರನ್ನು ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕಿ. ಪುಣೆಯ ಕಸ ಆಯುವವರ ಸಹಕಾರ ಸಂಘ ‘ಸ್ವಚ್ಛ್’ ಮನೆಮನೆಗಳಿಂದ ಕೇಳಿಕೊಂಡದ್ದು ಇಷ್ಟನ್ನೇ. ಕೆಲಸಕ್ಕೆ ಜನ ಇಟ್ಟುಕೊಂಡವರು ಅವರಿಗೆ ಹೆಪಟೈಟಿಸ್-ಬಿ ಲಸಿಕೆಯ ಮೂರೂ ಡೋಸು ಹಾಕಿಸಲಿ. 6 ತಿಂಗಳಲ್ಲಿ ಮುಗಿಯುವ ಕೆಲಸ ಅದು, ಯಾವ ಕೈಗವಸಿಗಿಂತಲೂ ಹೆಚ್ಚು ಬಾಳುತ್ತದೆ.