ಊದಲಾಗದ ಪೀಪಿ

ಕೊಟ್ಟೂರೇಶ್ವರನ ತೇರಿಗೆ ಹೋದವರು ಮಕ್ಕಳಿಗೊಂದು ಪೀಪಿ ಕೊಡಿಸದೆ ಮರಳುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಗುವಿನ ಕೈಗೂ ಅದೇ ಪೀಪಿ ಬರುತ್ತದೆ. "ಜೋರಾಗಿ ಊದಪ್ಪ" ಅನ್ನುತ್ತಾಳೆ ಅವ್ವ. ಕೆನ್ನೆ ಉಬ್ಬುತ್ತದೆ, ತುಟಿಯ ಸಂದಿಯಿಂದ ಗಾಳಿ ಸೋರುತ್ತದೆ, ಪೀಪಿಯಿಂದ ಸದ್ದಿಲ್ಲ. ಅದಕ್ಕೆ ತಿಳಿಯೋದಿಲ್ಲ ಬಿಡಿ ಎಂದು ಸುತ್ತಲಿನವರು ಸುಮ್ಮನಾಗುತ್ತಾರೆ. ಎಷ್ಟೋ ಮಕ್ಕಳಲ್ಲಿ ಕೊರತೆ ತಿಳಿವಳಿಕೆಯದಷ್ಟೇ ಅಲ್ಲ, ಉಸಿರಾಟದ ಸ್ನಾಯುಗಳದ್ದೂ ಹೌದು.

ಶ್ವಾಸಕೋಶ ತಾನಾಗಿ ಹಿಗ್ಗಲಾರದು. ಎದೆ ಮತ್ತು ಹೊಟ್ಟೆಯ ನಡುವೆ ಕೊಡೆಯಂತೆ ಹರಡಿದ ವಪೆ ಕೆಳಗಿಳಿದಾಗ, ಪಕ್ಕೆಲುಬುಗಳ ಸ್ನಾಯು ಎದೆಗೂಡನ್ನು ಎತ್ತಿದಾಗ ಗಾಳಿ ಒಳಬರುತ್ತದೆ. ಕೆಮ್ಮುವಾಗ ಹೊಟ್ಟೆಯ ಸ್ನಾಯುಗಳು ಬಿಗಿದು ಅದನ್ನು ಹೊರದಬ್ಬುತ್ತವೆ. ಡೌನ್ ಸಿಂಡ್ರೋಮ್‌ನಲ್ಲಿ ಮೈಯ ಸ್ನಾಯುಗಳೆಲ್ಲ ಹುಟ್ಟಿನಿಂದಲೇ ಸಡಿಲ. ಬೌದ್ಧಿಕ ವೈಕಲ್ಯವಿರುವ ಇನ್ನೆಷ್ಟೋ ಮಕ್ಕಳನ್ನು ಬಿದ್ದಾರೆಂಬ ಭಯಕ್ಕೆ ಮನೆಯೊಳಗೇ ಕೂರಿಸುತ್ತೇವೆ. ಓಡದ ಮಗು ಏದುಸಿರು ಬಿಡುವುದಿಲ್ಲ, ದುಡಿಯದ ಸ್ನಾಯು ಬಲಿಯುವುದಿಲ್ಲ. ಕೆಮ್ಮು ಬಲವಿಲ್ಲದಿದ್ದರೆ ಕಫ ಒಳಗೇ ಉಳಿಯುತ್ತದೆ, ನೆಗಡಿ ನ್ಯುಮೋನಿಯಾಕ್ಕೆ ತಿರುಗಬಹುದು. ನನಗೆ ಕಳವಳ ಹುಟ್ಟಿಸುವುದು ಇದೇ.

ಈ ಸ್ನಾಯುಗಳನ್ನು ಪಳಗಿಸಬಹುದು. ಫಿಸಿಯೋಥೆರಪಿಯವರ ಬಳಿ ಸ್ಪ್ರಿಂಗ್ ಕವಾಟವಿರುವ ಪುಟ್ಟ ಸಾಧನವಿದೆ. ನಿಗದಿತ ಬಲದಿಂದ ಉಸಿರು ಎಳೆದರಷ್ಟೇ ಅದರ ಬಾಗಿಲು ತೆರೆಯುತ್ತದೆ. ಮಗುವಿನ ಗರಿಷ್ಠ ಎಳೆತದ ಸುಮಾರು ಶೇ 30ರಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. ಆದರೆ ಮೂಗಿಗೆ ಕ್ಲಿಪ್, ಬಾಯಿಗೆ ಕೊಳವೆ, ಮೇಲೆ ಹತ್ತು ಸೂಚನೆ ಎಂದರೆ ಈ ಮಕ್ಕಳು ಮುಖ ತಿರುಗಿಸುತ್ತಾರೆ. ಆಟವಾದರೆ ಒಲಿಯುತ್ತಾರೆ.

ಅರ್ಧ ನೀರು ತುಂಬಿದ ಬಾಟಲಿಯಲ್ಲಿ ಸ್ಟ್ರಾ ಇಳಿಸಿ ಊದಿಸುವುದು ಅಂಥದೊಂದು ಆಟ. ಸ್ಟ್ರಾದ ತುದಿ ನೀರಿನಲ್ಲಿ 5 ಸೆಂಟಿಮೀಟರ್ ಆಳದಲ್ಲಿದ್ದರೆ, ಗುಳ್ಳೆ ಏಳಿಸಲು ಅಷ್ಟೇ ಎತ್ತರದ ನೀರಿನ ಒತ್ತಡವನ್ನು ಉಸಿರು ಮೀರಬೇಕು. ಇನ್ನೂ ಆಳಕ್ಕಿಳಿಸಿದರೆ ಕೆಲಸ ಹೆಚ್ಚುತ್ತದೆ. ಬಾಟಲಿಯ ಮೇಲೆ ಗೆರೆ ಎಳೆದರೆ ಅದೇ ಅಳತೆಗೋಲು. ಸ್ಟ್ರಾದ ಮೇಲ್ಭಾಗದಲ್ಲಿ ಸೂಜಿಯಿಂದ ಸಣ್ಣ ತೂತು ಮಾಡಿದರೆ ಮಗು ಮರೆತು ಹೀರಿದರೂ ನೀರು ಬಾಯಿಗೆ ಏರುವುದು ಕಷ್ಟ. ಇದು ಉಸಿರು ಬಿಡುವ ಸ್ನಾಯುಗಳಿಗಾಯಿತು. ಎಳೆದುಕೊಳ್ಳುವ ಅಭ್ಯಾಸಕ್ಕೆ ಹಡಗಲಿಯ ಮಲ್ಲಿಗೆಗಿಂತ ಬೇರೇನು ಬೇಕು? ಮೊಗ್ಗನ್ನು ಮೂಗಿಗೆ ಹಿಡಿದರೆ, ಹೇಳಿಕೊಡದೆಯೇ ಮಗುವಿನ ಹೊಟ್ಟೆ ನಿಧಾನವಾಗಿ ಉಬ್ಬುತ್ತದೆ. ಅದು ಸ್ಪ್ರಿಂಗ್ ಕವಾಟಕ್ಕೆ ಸಾಟಿಯಲ್ಲ, ಆದರೂ ಆಳವಾಗಿ ಉಸಿರೆಳೆಯುವ ರೀತಿಯನ್ನು ಕಲಿಸುತ್ತದೆ.

ಎಚ್ಚರವೂ ಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಮೊದಲು ವೈದ್ಯರಿಗೆ ತೋರಿಸಿ. ಒಂದರ ಹಿಂದೊಂದು ಬಿರುಸಾಗಿ ಊದಿಸಿದರೆ ಕೆಲವು ಬಗೆಯ ಮೂರ್ಛೆ ಕೆರಳಬಹುದು. ನುಂಗಲು ತೊಡಕಿರುವ ಮಗುವಿಗೆ ನೀರಿನ ಆಟ ಬೇಡ.

2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಬೌದ್ಧಿಕ ವೈಕಲ್ಯವಿದ್ದ 44 ಇರಾನಿ ಮಕ್ಕಳಲ್ಲಿ ಒಂದು ಗುಂಪು 8 ವಾರ, ವಾರಕ್ಕೆ 5 ದಿನ, ದಿನಕ್ಕೆ ಅರ್ಧ ಗಂಟೆ ನಡೆಯಿತು, ಓಡಿತು, ಸೈಕಲ್ ತುಳಿಯಿತು. ಅವರ ಉಸಿರಿನ ಪ್ರಮಾಣ ಉಳಿದವರಿಗಿಂತ ಗಮನಾರ್ಹವಾಗಿ ಹೆಚ್ಚಿತು. ವಿಶೇಷ ಕವಾಟವೇನೂ ಬೇಕಾಗಲಿಲ್ಲ.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಹಳ್ಳಿಗಳಿಂದ ಥೆರಪಿಗೆಂದು ದಿನವೂ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಲು ಕೂಲಿಯ ತಾಯಿಗೆ ಆಗದು. ಆದರೆ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುವ ವ್ಯವಸ್ಥೆಯಿದೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಶಿಕ್ಷಕರೇ ಹೋಗುವ ಗೃಹಾಧಾರಿತ ಶಿಕ್ಷಣವೂ ಇದೆ. ಪಿಂಚಣಿ, ಗುರುತಿನ ಚೀಟಿಯ ಕೆಲಸದ ನಡುವೆ ಈ ಕಾರ್ಯಕರ್ತರ ಚೀಲದಲ್ಲಿ ಒಂದು ಬಾಟಲಿ, ಒಂದಿಷ್ಟು ಸ್ಟ್ರಾ ಇರಲಿ, ಬಳಸುವ ತರಬೇತಿಯೂ ಸಿಗಲಿ. ಉಳಿದ ದಿನಗಳಿಗೆ ಅಕ್ಕನೋ ತಮ್ಮನೋ ಸಾಕು. ದೀಪದ ಬತ್ತಿಗೆಂದು ಇಟ್ಟ ಅರಳೆಯನ್ನು ಉಂಡೆಮಾಡಿ ಕಟ್ಟೆಯ ಮೇಲಿಟ್ಟು ಇಬ್ಬರೂ ಊದಲಿ. ಅದು ನಿಂತ ಕಡೆ ಬಳಪದ ಗೆರೆ ಬೀಳಲಿ, ಮುಂದಿನ ಸೋಮವಾರ ಅದರಾಚೆಗೆ ಇನ್ನೊಂದು.