ಹಂಚಿಕೊಂಡ ಹಕ್ಕು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ - ಈ ಊರುಗಳ ಪೇಟೆಬೀದಿಯಲ್ಲಿ ನಡೆಯುವವರ ಕಿವಿಗೆ ಹೊಲಿಗೆ ಯಂತ್ರದ ಸದ್ದು ಹೊಸದಲ್ಲ. ಇಷ್ಟು ಪರಿಚಿತವಾದ ಈ ಯಂತ್ರವು ಒಮ್ಮೆ ನ್ಯಾಯಾಲಯಗಳ ವ್ಯಾಜ್ಯದಲ್ಲಿ ಸಿಲುಕಿತ್ತೆಂಬುದು ಹಲವರಿಗೆ ತಿಳಿಯದು.

ಹೊಸ ಸಾಧನವೊಂದನ್ನು ಕಂಡುಹಿಡಿದವನಿಗೆ ಸರ್ಕಾರವು ನಿಯಮಿತ ಕಾಲದವರೆಗೆ ಕೊಡುವ ಏಕಸ್ವಾಮ್ಯದ ಹಕ್ಕೇ ಪೇಟೆಂಟ್. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ತನ್ನ ಹೊಲಿಗೆ ಯಂತ್ರಕ್ಕೆ ಈ ಹಕ್ಕನ್ನು ಪಡೆದನು. ಮೊನೆಯ ಬಳಿ ಕಣ್ಣುಳ್ಳ ಸೂಜಿಯೂ ಲಾಳಿಯೂ ಕೂಡಿ ಎರಡು ಎಳೆಗಳನ್ನು ಹೆಣೆಯುವುದು ಅದರ ವಿಶೇಷ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಸುಧಾರಣೆಗಳಿಗೆ ಪೇಟೆಂಟ್ ಪಡೆದನು. ಬಟ್ಟೆಯನ್ನು ಮುಂದೆ ಸರಿಸುವ ಉತ್ತಮ ವಿಧಾನವೊಂದು ವೀಲರ್ ಮತ್ತು ವಿಲ್ಸನ್ ಕಂಪನಿಯದಾಗಿತ್ತು. ಒಬ್ಬರ ಸೂಜಿಯಿಲ್ಲದೆ ಮತ್ತೊಬ್ಬರ ಯಂತ್ರ ನಡೆಯದು. ಆದರೆ ಬಳಸಿದರೆ ಮೊಕದ್ದಮೆ! ಒಳ್ಳೆಯ ಯಂತ್ರವನ್ನು ನಿಶ್ಚಿಂತೆಯಿಂದ ತಯಾರಿಸುವುದು ಯಾರಿಗೂ ಸಾಧ್ಯವಾಗಲಿಲ್ಲ.

ಕೊನೆಗೆ 1856ರಲ್ಲಿ ಸಿಂಗರ್, ವೀಲರ್ ಮತ್ತು ವಿಲ್ಸನ್, ಗ್ರೋವರ್ ಮತ್ತು ಬೇಕರ್ ಎಂಬ ಮೂರು ಕಂಪನಿಗಳೂ ಹೋವನೂ ತಮ್ಮ ಪೇಟೆಂಟುಗಳನ್ನು ಒಂದೆಡೆ ಕೂಡಿಸಿದರು. ಇತರ ತಯಾರಕರು ಯಂತ್ರವೊಂದಕ್ಕೆ 15 ಡಾಲರ್ ತೆತ್ತು ಅವುಗಳನ್ನು ಬಳಸಬಹುದಾಯಿತು. ಅವರೊಳಗಿನ ಜಗಳ ನಿಂತಿತು, ತಯಾರಿಕೆ ಬೆಳೆಯಿತು. ಆದರೆ ಆ ಶುಲ್ಕದ ಭಾರವು ಕೊನೆಗೆ ಕೊಳ್ಳುವವನ ಹೆಗಲಿಗೇ ಬಿದ್ದಿತು. 1877ರಲ್ಲಿ ಮುಖ್ಯ ಪೇಟೆಂಟುಗಳ ಅವಧಿ ಮುಗಿದು ಕೂಟವು ಕೊನೆಗೊಂಡ ಮೇಲೆ ಯಂತ್ರದ ಬೆಲೆ ಇಳಿಯಿತು.

ಅಲ್ಲಿ ಬೇರೆ ಬೇರೆ ಪೇಟೆಂಟುಗಳ ಒಡೆಯರು ಒಂದುಗೂಡಿದರು. ಒಂದೇ ಪೇಟೆಂಟಿಗೆ ಇಬ್ಬರು ಒಡೆಯರಿರುವುದೂ ಉಂಟು. ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟವೊಂದರಲ್ಲಿ ಅಣ್ಣತಮ್ಮಂದಿರಿಗೆ ಸೇರಿದ ಒಂದೇ ಬಾವಿಯಿದೆಯೆಂದು ಭಾವಿಸೋಣ. ಇಬ್ಬರೂ ತಮ್ಮ ತಮ್ಮ ಗಿಡಗಳಿಗೆ ನೀರೆತ್ತಬಹುದು. ಆದರೆ ಒಬ್ಬನು ಇನ್ನೊಬ್ಬನನ್ನು ಕೇಳದೆ ಹೊರಗಿನವನಿಗೆ ಬಾವಿಯನ್ನು ಬಿಟ್ಟುಕೊಡುವುದು ನ್ಯಾಯವೆನಿಸದು. ಭಾರತದ 1970ರ ಪೇಟೆಂಟ್ ಕಾಯಿದೆಯೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ಬೇರೆ ಒಪ್ಪಂದವಿಲ್ಲದಿದ್ದರೆ ಸಹ ಒಡೆಯರಿಗೆಲ್ಲ ಸಮಪಾಲು. ಪ್ರತಿಯೊಬ್ಬರೂ ಆ ಹೊಸ ಸಾಧನವನ್ನು ತಮಗಾಗಿ ಬಳಸಬಹುದು. ಬಂದ ಲಾಭದ ಲೆಕ್ಕವನ್ನು ಇತರರಿಗೆ ಒಪ್ಪಿಸಬೇಕಿಲ್ಲ. ಆದರೆ ಉಳಿದವರ ಒಪ್ಪಿಗೆಯಿಲ್ಲದೆ ಪರರಿಗೆ ಪರವಾನಗಿ ಕೊಡುವಂತಿಲ್ಲ. ತನ್ನ ಪಾಲನ್ನು ಮಾರುವಂತೆಯೂ ಇಲ್ಲ.

ಈ ಹಕ್ಕು ಶಾಶ್ವತವಲ್ಲ. ನಮ್ಮ ದೇಶದಲ್ಲಿ ಅದರ ಅವಧಿ 20 ವರ್ಷ. ಅನಂತರ ಆ ಜ್ಞಾನವು ಎಲ್ಲರ ಸೊತ್ತಾಗುತ್ತದೆ. ಕಂಡುಹಿಡಿದವನ ಶ್ರಮಕ್ಕೆ ಪ್ರತಿಫಲ ದೊರೆಯಬೇಕು. ಅದರ ಫಲ ಜನರನ್ನೂ ಮುಟ್ಟಬೇಕು. ಈ ಎರಡನ್ನೂ ಸರಿದೂಗಿಸುವುದೇ ಕಾಯಿದೆಯ ಗುರಿ. ಹೋವ್, ಸಿಂಗರರು ಹಕ್ಕಿಗಾಗಿ ಕಾದಾಡಿದ ಆ ಸೂಜಿಯಿಂದ ಇಂದು ಅರಕಲಗೂಡಿನ ದರ್ಜಿಯು ಯಾರಿಗೂ ಶುಲ್ಕ ತೆರದೆ ಬಟ್ಟೆ ಹೊಲಿಯುತ್ತಾನೆ.